ಗೋಣಿಚೀಲದಡಿ ಕೂರುವ ಶಂಖದ ಹುಳು

ಮೊನ್ನೆ ಮೊಮ್ಮಗಳ ಹಿತ್ತಿಲು ನೋಡಿ ತಲೆ ಕೆಟ್ಟಿತು. ಬೀನ್ಸ್ ಪಾತಿ ತುಂಬ ಕಲ್ಲುಪ್ಪು ಚೆಲ್ಲಿದ್ದಾಳೆ! 'ಶಂಖದ ಹುಳು ಸಾಯಲಿ ಅಂತ ಅಜ್ಜಿ' ಅಂತಾಳೆ, ಅದೇ ಬಸವನಹುಳು. ಸತ್ತದ್ದು ನಾಲ್ಕು ಹುಳು, ಸೊರಗಿದ್ದು ಅರ್ಧ ಪಾತಿ ಬೀನ್ಸ್. ಉಪ್ಪಿನ ಮಣ್ಣಲ್ಲಿ ಬೇರು ನೀರು ಎಳೆಯೋದಿಲ್ಲ, ಅಷ್ಟೂ ತಿಳಿಯಬಾರದೇ?

ಮಳೆ ಹಿಡಿಯೋ ಮೊದಲೇ ಪಾತಿ ಎತ್ತರಿಸಿ ಚರಂಡಿ ಬಿಡಿಸೋದು ಎಲ್ಲರಿಗೂ ಗೊತ್ತು, ಬಿಡಿ. ಹುಳುವಿನ ಮಾತು ಕೇಳಿ.

ಹಳೇ ಗೋಣಿಚೀಲ ತೆಗೆದುಕೊಳ್ಳಿ. ಕಾಫಿ ತುಂಬೋ ಒಳ್ಳೇ ಚೀಲಕ್ಕೆ ಕೈ ಹಾಕಬೇಡಿ. ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಕತ್ತಲಾಗೋ ಹೊತ್ತಿಗೆ ಎರಡು ಪಾತಿಯ ನಡುವೆ ಹಾಸಿ. ಅಡಿಗೆ ಪಪ್ಪಾಯಿ ಎಲೆ, ಕೋಸಿನ ಹೊರಸಿಪ್ಪೆ, ಕಪ್ಪಾದ ಬಾಳೆಹಣ್ಣು ಒಂದೆರಡು ಹಿಡಿ. ಒಂದು ಅಂಚಿಗೆ ಕೋಲು ಕೊಟ್ಟು ಎರಡು ಬೆರಳು ಸಂದು ಬಿಡಿ. ಚೀಲ ನೆಲಕ್ಕೆ ಅಂಟಿದರೆ ಹುಳು ನುಗ್ಗೋದು ಎಲ್ಲಿಂದ? ಬೆಳಿಗ್ಗೆ ಬಿಸಿಲು ಬೀಳೋ ಮುಂಚೆ ಎತ್ತಿ, ಚೀಲದ ಒದ್ದೆ ಮಡಿಕೆಗೆ ಅಂಟಿ ಕೂತಿರುತ್ತವೆ. ಬರಿಗೈ ಹಾಕಬೇಡಿ, ನಮ್ಮ ಮೆದುಳಿಗೆ ಏರೋ ಸಣ್ಣ ಪರೋಪಜೀವಿ ಹುಳು ಈ ಶಂಖದ ಹುಳುವಿನ ಲೋಳೆಯಲ್ಲಿ ಇರಬಹುದು. ಇಕ್ಕಳದಲ್ಲಿ ಹಿಡಿದು ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪಿನ ಜಾಗ ಬಕೆಟ್ಟು, ಪಾತಿಯಲ್ಲ! ಸಂಜೆ ಆಳ ಗುಂಡಿಗೆ ಸುರಿದು ಮುಚ್ಚಿ, ತೋಡಿಗೆ ಎಸೆಯಬೇಡಿ. ಪಾತಿ ಅಂಚು ಕೆದಕಿದರೆ ಕಾಳುಮೆಣಸಿನಷ್ಟು ದಪ್ಪದ ಹಳದಿ ಮೊಟ್ಟೆ ಗುಂಪಾಗಿ ಸಿಗುತ್ತದೆ, ಒಂದೇ ಹುಳು ನೂರಕ್ಕೂ ಮೀರಿ ಇಡುತ್ತದೆ. ಅದನ್ನೂ ಆರಿಸಿ. ಒಂದು ದಿನ ಹಾಸಿ ಬಿಟ್ಟರೆ ಉಪಯೋಗವಿಲ್ಲ, ಹದಿನೈದು ದಿನ ಬಿಡದೆ ಮಾಡಿ.

ನಮ್ಮತ್ತೆ ಗಿಡದ ಬುಡಕ್ಕೆ ಬೂದಿ ಸುತ್ತುತ್ತಿದ್ದರು. ನಮ್ಮ ಕೊಡಗಿನ ಕಕ್ಕಡ ಅಂದರೆ ಆಟಿ ತಿಂಗಳ ಮಳೆಗೆ ಬೆಳಗಾಗೋದರಲ್ಲಿ ಅದು ಚರಂಡಿ ಪಾಲು. ಆಗ ಸಣ್ಣ ಶಂಖದ ಹುಳುವಷ್ಟೇ ಇತ್ತು, ಶನಿವಾರಸಂತೆ ಕಡೆ ತೋಟಕ್ಕೆ ನುಗ್ಗಿದ ಈ ದೊಡ್ಡ ಆಫ್ರಿಕನ್ ಜಾತಿ ನಾವು ಕಂಡಿರಲಿಲ್ಲ. ಬೂದಿ ಉಳಿದರೆ ಹುಣಸೆಹಣ್ಣಿನ ಜೊತೆ ಹಿತ್ತಾಳೆ ತಿಕ್ಕಿ, ಈಗಿನ ಬಾಟಲಿ ದ್ರಾವಣಕ್ಕೆ ಆ ಹೊಳಪು ಎಲ್ಲಿ?

ತೋಟಕ್ಕೇ ಹರಡಿದ್ದರೆ ಅಂಗಡಿಯವನು ಕೊಟ್ಟ ಮೆಟಾಲ್ಡಿಹೈಡ್ ಗುಳಿಗೆ ಎರಚಬೇಡಿ, ಅದು ನಾಯಿಗೂ ವಿಷ. ಮೊದಲು ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಗೋ ಹೋಗಿ ಕೇಳಿ. ಹಣ್ಣಿನ ಗಿಡದ ಮಾತಾದರೆ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ನಮ್ಮ ಮಣ್ಣಿಗೆ ಹುಳಿ ಜಾಸ್ತಿ, ಹೋದ ಮೇಲೆ ಒಂದು ಹಿಡಿ ಮಣ್ಣಿನ ಪರೀಕ್ಷೆಯನ್ನೂ ವಿಚಾರಿಸಿ ಬನ್ನಿ.

ಇನ್ನು ಸಂತೆಯಿಂದ ಸಸಿ ತಂದವರು ಕುಂಡದ ತಳ ತಿರುಗಿಸಿ ನೋಡಿ. ನಮ್ಮ ಹಿತ್ತಿಲಿಗೆ ಮೊದಲ ದೊಡ್ಡ ಹುಳು ಬಂದದ್ದು ನಾನೇ ಚೌಕಾಸಿ ಮಾಡಿ ತಂದ ಗುಲಾಬಿ ಕುಂಡದ ಅಡಿಯಲ್ಲಿ.