ವಿದೇಶಿ ಹುಡುಗನಿಗೆ ಕೋಣೆ ಕೊಡುವ ಮುನ್ನ

ಪುಣೆಯ ಸದಾಶಿವ ಪೇಟೆಯಲ್ಲಿ ಮೂವತ್ತು ವರ್ಷಗಳಿಂದ ಇದ್ದೇನೆ. ಎದುರುಮನೆಯವರ ಹೆಸರು ಈಗಲೂ ಸರಿಯಾಗಿ ಗೊತ್ತಿಲ್ಲ, ತಿಳಿದುಕೊಳ್ಳುವ ಉಮೇದಿಯೂ ಇಲ್ಲ. ಅಂಥ ನಾನು, ಭಾಂಡಾರಕರ್ ಸಂಸ್ಥೆಯಲ್ಲಿ ಹಸ್ತಪ್ರತಿ ನೋಡಲು ಬಂದ ಜರ್ಮನ್ ಹುಡುಗನಿಗೆ ಮಾಳಿಗೆಯ ಕೋಣೆ ಕೊಟ್ಟೆ. ನನ್ನಂತೆ ಮಾತು ಬೇಡವಾದ ಮಾಲೀಕರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಗದದ ಕೆಲಸ ಮೊದಲು. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ, ಜಾಗ ಕೊಟ್ಟವರೆಲ್ಲರೂ ಅವರ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು; 2025ರವರೆಗೆ ಇದಕ್ಕೆ ‘ಸಿ ಫಾರ್ಮ್’ ಎನ್ನುತ್ತಿದ್ದರು. ಹೋಟೆಲಿಗಷ್ಟೇ ಅಲ್ಲ, ಒಂದು ಕೋಣೆ ಕೊಟ್ಟವರಿಗೂ ಇದು ತಪ್ಪಿದ್ದಲ್ಲ. ಅದಕ್ಕೆ ಬೇಕಾದ ಖಾತೆಯನ್ನು ಮೊದಲೇ ತೆರೆದಿಡಿ. ‘ಲೀವ್ ಅಂಡ್ ಲೈಸೆನ್ಸ್’ ಕರಾರು, ಅಂದರೆ ಕೋಣೆ ಬಳಸಲು ಅನುಮತಿ ಕೊಡುವ ಕರಾರು, ಸಾಮಾನ್ಯವಾಗಿ 11 ತಿಂಗಳದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದನ್ನು ನೋಂದಾಯಿಸುವ ಹೊಣೆ ಮಾಲೀಕನದೇ. ನೋಂದಾಯಿಸದಿದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಬಾಡಿಗೆದಾರ ಹೇಳಿದ ಷರತ್ತೇ ನಿಲ್ಲುತ್ತದೆ.

ಇಷ್ಟೆಲ್ಲ ಬರೆದುಕೊಟ್ಟ ನಾನು, ಚಪ್ಪಲಿಯ ವಿಷಯವನ್ನು ಮಾತ್ರ ಬರೆಯದೆ ಸನ್ನೆಯಲ್ಲಿ ಮುಗಿಸಲು ಹೋದೆ. ಅವನು ಬೂಟು ಹಾಕಿಕೊಂಡೇ ದೇವರ ಕೋಣೆಯ ಮುಂದೆ ಹಾದುಹೋದಾಗ ಜೋರಾಗಿ ಕೆಮ್ಮಿದೆ. ಸಂಜೆ ಕೆಮ್ಮಿನ ಔಷಧಿ ತಂದುಕೊಟ್ಟ! ತಂಬಿಗೆಯನ್ನು ತುಟಿಗೆ ತಾಗಿಸಿ ನೀರು ಕುಡಿದಾಗ, ಅವನೆದುರಿಗೇ ಅದಕ್ಕೆ ಹುಣಸೆಹಣ್ಣು ಹಚ್ಚಿ ಎರಡು ಸಲ ತಿಕ್ಕಿದೆ. ತಾಮ್ರ ಚೆನ್ನಾಗಿ ಹೊಳೆಯುತ್ತಿದೆ ಎಂದು ಮೆಚ್ಚಿಕೊಂಡ. ಗೆಳೆಯನೊಬ್ಬನನ್ನು ಊಟಕ್ಕೆ ಕರೆಯಲೇ ಎಂದು ಕೇಳಿದಾಗ ಆಗಲಿ ಎಂದು ತಲೆ ಅಲ್ಲಾಡಿಸಿದೆ. ಬೇಡ ಅಂದೆನೆಂದುಕೊಂಡು ಇಬ್ಬರೂ ಹೊರಗೆ ತಿಂದು ಬಂದರು. ಮಾಡಿಟ್ಟ ಕಡಲೆಹಿಟ್ಟಿನ ಜುಣಕವನ್ನು ಮರುದಿನವೂ ನಾನೊಬ್ಬನೇ ತಿಂದೆ.

ಆದರೆ ನನ್ನ ಬಾಗಿಲ ಮೇಲೊಂದು ಹಳೆಯ ‘ಪಾಟಿ’ (ಸೂಚನಾ ಫಲಕ) ಇದೆ: ‘ಮಧ್ಯಾಹ್ನ 1ರಿಂದ 4ರವರೆಗೆ ಗಂಟೆ ಬಾರಿಸಬೇಡಿ.’ ಪುಣೆಯ ಪಾಟಿಗಳ ಒರಟುತನ ಊರಿಗೆಲ್ಲ ಹಾಸ್ಯ. ಅವನು ಮಾತ್ರ ಅದನ್ನು ಒಂದು ದಿನವೂ ಮೀರಲಿಲ್ಲ. ಕಾರಣ ಕೇಳಿದೆ. ಅವರಲ್ಲಿ ಬಾಡಿಗೆ ಮನೆಗಳ ಮೆಟ್ಟಿಲ ಬಳಿ ‘ಹೌಸ್‌ಆರ್ಡ್‌ನುಂಗ್’ ಎಂಬ ನಿಯಮಪಟ್ಟಿ ತೂಗುಹಾಕಿರುತ್ತಾರಂತೆ, ಸದ್ದು ಮಾಡಬಾರದ ಹೊತ್ತೂ ಅದರಲ್ಲಿರುತ್ತದಂತೆ. ಉಳಿದ ಪಾಟಿಗಳೆಲ್ಲಿ ಎಂದು ನನ್ನನ್ನೇ ಕೇಳಿದ.

ಆದ್ದರಿಂದ ಬರೆದು ಅಂಟಿಸಿ. ‘ಶುಚಿತ್ವ ಕಾಪಾಡಿ’ ಎಂದರೆ ಯಾರಿಗೂ ಏನೂ ಹೇಳಿದಂತಲ್ಲ. ‘ಬೂಟು ಹೊಸ್ತಿಲಾಚೆ, ಎಡಗಡೆಯ ಕಪಾಟಿನಲ್ಲಿ’ ಎನ್ನಿ. ನಲ್ಲಿಗೆ ನೀರು ಬರುವ ಹೊತ್ತು ಬರೆಯಿರಿ. ಕೆಳಗೆ ಒಂದು ಸಾಲಿನ ಕಾರಣ ಇರಲಿ, ಅವರು ಕಾರಣ ಕೇಳದೆ ಬಿಡುವವರಲ್ಲ. ‘ಎಂಜಲು’ ಎಂಬುದಕ್ಕೆ ಕಾರಣ ಬರೆಯಲು ಕೂತು ನಾಲ್ಕು ಸಾಲು ಹೊಡೆದುಹಾಕಿದೆ. ಕೊನೆಗೆ ತುಳಶಿಬಾಗ್ ಪೇಟೆಯಿಂದ ಅವನಿಗೊಂದು ಬೇರೆ ತಂಬಿಗೆ ತಂದೆ.

ಅರ್ಧ ಹಾಳೆ ಅವನಿಗೂ ಬಿಡಿ. ಸಂಜೆ ಸೊಳ್ಳೆ ಬರುತ್ತದೆಂದು ನಾನು ದಿನವೂ ಅವನ ಕೋಣೆಗೆ ನುಗ್ಗಿ ಕಿಟಕಿ ಮುಚ್ಚುತ್ತಿದ್ದೆ. ಅವನು ಬರೆದ: ‘ಬಾಗಿಲು ತಟ್ಟಿ. ಉತ್ತರ ಬರುವವರೆಗೆ ಕಾಯಿರಿ.’ ಎರಡನೆಯ ವಾಕ್ಯ ಚುಚ್ಚಿತು. ನನ್ನದೇ ಮನೆ! ಎರಡು ದಿನ ಸಿಟ್ಟಿನಲ್ಲಿದ್ದು ಮೂರನೆಯ ದಿನ ತಟ್ಟಿದೆ.

ಕೊನೆಯ ಪಾಟಿ ಕಳೆದ ವಾರದ್ದು. ನನ್ನಿಂದ ಕಲಿತ ಕನ್ನಡದಲ್ಲಿ ಬೆಳಿಗ್ಗೆ ‘ಕಾಕಾ, ಹೋಗುತ್ತೇನೆ’ ಎನ್ನುತ್ತಿದ್ದ. ‘ಹೊರಡುವಾಗ ಬರುತ್ತೇನೆ ಎನ್ನಬೇಕು’ ಎಂದು ಬರೆದೆ. ಈಗ ‘ಬರುತ್ತೇನೆ, 6.40ಕ್ಕೆ’ ಎನ್ನುತ್ತಾನೆ.