ಹಿಂದಿನ ಚಕ್ರಕ್ಕೆ ಡಿಸ್ಕ್: ಅಪ್ಪನ ಎಸ್ಟೀಮ್ ಮೇಲೆ ನನ್ನ ಪ್ರಯೋಗ

ಮಳೆಗಾಲದ ಒಂದು ಸಂಜೆ. ಅಂಡರ್‌ಪಾಸ್ ಒಂದರಲ್ಲಿ ಅರ್ಧ ಚಕ್ರ ಮುಳುಗುವಷ್ಟು ನೀರು ನಿಂತಿತ್ತು. ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ನುಗ್ಗಿಸಿಯೇಬಿಟ್ಟೆ. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಎಡ ಚಕ್ರ ಮಾತ್ರ ಗಪ್ಪಂತ ಹಿಡಿಯಿತು. ಗಾಡಿಯ ಬಾಲ ಒಂದು ಗೇಣು ಪಕ್ಕಕ್ಕೆ ಜಾರಿತು. ಪಕ್ಕದಲ್ಲಿದ್ದ ಆಟೋದವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಗಾಡಿ 2003ರ ಮಾರುತಿ ಎಸ್ಟೀಮ್. ಅಪ್ಪ ಹೊಸದಾಗಿ ಕೊಂಡದ್ದು, ಕೆಎ-05 ನಂಬರ್. ಭಾನುವಾರ ಹಿಂದಿನ ಬ್ರೇಕಿನ ಡ್ರಮ್ ಬಿಚ್ಚಿದೆ. ಚಕ್ರದ ಜೊತೆ ತಿರುಗುವ ಬಟ್ಟಲು ಅದು, ಒಳಗಿನಿಂದ ಲೈನರ್ ಒತ್ತಿ ನಿಲ್ಲಿಸುತ್ತದೆ. ಬಲಗಡೆ ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಸೋರಿ ಲೈನರ್ ಪೂರ್ತಿ ಎಣ್ಣೆಯಾಗಿತ್ತು. ಎಡಗಡೆ ಡ್ರಮ್ಮಿನೊಳಗೆ ಇನ್ನೂ ನೀರಿನ ಪಸೆ. ಡ್ರಮ್ಮಿನ ಗುಣವೇ ಅದು. ಒಳಗೆ ಹೋದ ನೀರು ಬೇಗ ಹೊರಗೆ ಬರುವುದಿಲ್ಲ. ಬಯಲಿಗಿರುವ ತಟ್ಟೆಯಂಥ ಡಿಸ್ಕ್ ಆದರೆ ತಿರುಗುತ್ತಲೇ ಕೊಡವಿಬಿಡುತ್ತದೆ.

ಸರಿಯಾದ ದಾರಿ ಏನು ಅಂತ ಗೊತ್ತಿತ್ತು. ಎರಡು ಸಿಲಿಂಡರ್, ಹೊಸ ಲೈನರ್, ಬೇಕಿದ್ದರೆ ಹೊಸ ಡ್ರಮ್. ಆರೇಳು ಸಾವಿರದಲ್ಲಿ ಮುಗಿಯುವ ಕೆಲಸ. ಆದರೆ ತಲೆಯಲ್ಲಿ ಹುಳ ಹೊಕ್ಕಾಗಿತ್ತು. ಎಸ್ಟೀಮ್ ಹುಟ್ಟಿದ್ದು ಸುಝುಕಿಯ ಕಲ್ಟಸ್ ವಂಶದಲ್ಲಿ. ಅದೇ ವಂಶದ ಸ್ವಿಫ್ಟ್ ಜಿಟಿಐಗೆ ಹೊರದೇಶದಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬರುತ್ತಿತ್ತು. ಅವರು ಮಾಡಿದ್ದನ್ನು ನಾನು ಯಾಕೆ ಮಾಡಬಾರದು? ಜೊತೆಗೆ ನಮ್ಮ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ನಿಲ್ಲುತ್ತಿರಲಿಲ್ಲ. ಡಿಸ್ಕ್ ಹಾಕಿದರೆ ಅದೂ ಸರಿಹೋಗುತ್ತದೆ ಅಂದುಕೊಂಡೆ. ಈ ಕೊನೆಯ ಲೆಕ್ಕ ಎಷ್ಟು ತಪ್ಪಿತ್ತು ಅಂತ ಆಮೇಲೆ ಹೇಳುತ್ತೇನೆ.

ಮೊದಲ ತೊಡಕು ಹಬ್‌ನದು, ಅಂದರೆ ಚಕ್ರ ಕೂರುವ ನಡುಭಾಗದ್ದು. ಈ ಗಾಡಿಯಲ್ಲಿ ಹಿಂದಿನ ಡ್ರಮ್ ಬೇರೆ, ಹಬ್ ಬೇರೆ ಅಲ್ಲ. ಬೇರಿಂಗ್ ಕೂರುವುದೇ ಡ್ರಮ್ಮಿನ ಹೊಟ್ಟೆಯಲ್ಲಿ. ಡ್ರಮ್ ತೆಗೆದರೆ ಚಕ್ರ ಕೂರಿಸಲು ಏನೂ ಉಳಿಯುವುದಿಲ್ಲ. ಹಾಗಾಗಿ ಹೊಸ ಡ್ರಮ್ ಜೋಡಿ ತಂದು, ಅದರ ಸುತ್ತಿನ ಗೋಡೆಯನ್ನು ಲೇತ್‌ನಲ್ಲಿ ಕೊಯ್ಸಿ, ನಡುವಿನ ಭಾಗವನ್ನೇ ಹಬ್ ಮಾಡಿಕೊಳ್ಳಬೇಕು. ಕಾಮಾಕ್ಷಿಪಾಳ್ಯದ ಒಂದು ಲೇತ್ ಅಂಗಡಿಗೆ ಹೋದೆ. ಯಜಮಾನರು ಡ್ರಮ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ಹೊಸ ಡ್ರಮ್ ಸಾರ್ ಇದು. ಇದನ್ನ ಕೊಯ್ಯೋದಾ?"

"ಹೌದು ಅಣ್ಣ."

"ದುಡ್ಡು ಕೊಟ್ಟು ತಂದು ದುಡ್ಡು ಕೊಟ್ಟು ಕೆಡಿಸ್ತಿದೀರಿ," ಅಂದರು. ಆದರೆ ಕೆಲಸ ಅಚ್ಚುಕಟ್ಟಾಗಿ ಮಾಡಿದರು. ಗೋಡೆ ಕೊಯ್ದ ಮೇಲೆ ಡಿಸ್ಕಿನ ನಡುಗಂಡಿಗೆ ಬಿಗಿಯಾಗಿ ಕೂರುವ ಹಾಗೆ ಒಂದು ಮೆಟ್ಟಿಲನ್ನೂ ತೆಗೆದುಕೊಟ್ಟರು. ಡಿಸ್ಕ್ ನಟ್ಟನಡುವೆ ಕೂರುವುದು ಆ ಮೆಟ್ಟಿಲಿನಿಂದ, ಬೋಲ್ಟಿನಿಂದ ಅಲ್ಲ. ಡಿಸ್ಕಿನ ದಪ್ಪ ಸೇರಿದ್ದರಿಂದ ಚಕ್ರ ಆರು ಮಿ.ಮೀ. ಹೊರಗೆ ಬಂತು. ಅದಕ್ಕೆ ಚಕ್ರದ ನಟ್ಟು ಕೂರುವ ಸ್ಟಡ್‌ಗಳನ್ನು ಉದ್ದದವೇ ಹೊಡೆಸಿದೆ. ಈ ಸ್ಟಡ್ ವಿಷಯದಲ್ಲಿ ಜುಗ್ಗತನ ಬೇಡ. ನಟ್ಟು ನಾಲ್ಕೇ ಸುತ್ತು ಹಿಡಿದರೆ ಒಂದು ದಿನ ಚಕ್ರ ನಿಮಗಿಂತ ಮುಂದೆ ಹೋಗುತ್ತದೆ.

ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಇಕ್ಕಳ, ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಹಳೆ ಸ್ಕೋಡಾ ಆಕ್ಟೇವಿಯಾದ ಹಿಂದಿನ ಜೋಡಿ, 38 ಮಿ.ಮೀ. ಪಿಸ್ಟನ್, ಹ್ಯಾಂಡ್ ಬ್ರೇಕಿನ ಲಿವರ್ ಕ್ಯಾಲಿಪರ್‌ನಲ್ಲೇ ಇದೆ. ಜೆ.ಸಿ. ರಸ್ತೆಯಲ್ಲಿ ಸೀಲ್ ಕಿಟ್ ತಂದು ಪೂರ್ತಿ ಬಿಚ್ಚಿ ತೊಳೆದು ಕಟ್ಟಿದೆ. ಇಂಥ ಪಿಸ್ಟನ್ನನ್ನು ಸುಮ್ನೆ ಕ್ಲ್ಯಾಂಪ್ ಹಾಕಿ ಒತ್ತಬಾರದು. ಒಳಗೆ ಸ್ಕ್ರೂ ಇರುತ್ತದೆ, ಒತ್ತುತ್ತಾ ತಿರುಗಿಸಬೇಕು. ನಾನು ಮೊದಲ ದಿನ ಒತ್ತಿಯೇ ನೋಡಿದೆ. ಕ್ಲ್ಯಾಂಪ್ ಬಾಗಿತು, ಪಿಸ್ಟನ್ ಅಲುಗಲಿಲ್ಲ. ದೇವರು ದೊಡ್ಡವನು, ಒಳಗಿನ ಸ್ಕ್ರೂ ಮುರಿಯಲಿಲ್ಲ.

ಕ್ಯಾಲಿಪರನ್ನು ಗಾಡಿಗೆ ಕಟ್ಟುವ ಬ್ರಾಕೆಟ್‌ಗೆ ಮೊದಲು ಸ್ವೀಟ್ ಬಾಕ್ಸಿನ ರಟ್ಟಿನಲ್ಲಿ ಅಚ್ಚು ಕತ್ತರಿಸಿದೆ. ಆಮೇಲೆ ಪ್ಲೈವುಡ್. ಮೂರನೆಯದು ಸರಿ ಕೂತ ಮೇಲೆ ಪೀಣ್ಯದಲ್ಲಿ 10 ಮಿ.ಮೀ. ಉಕ್ಕಿನ ಪ್ಲೇಟನ್ನು ಲೇಸರ್‌ನಲ್ಲಿ ಕೊಯ್ಸಿದೆ. ಬೋಲ್ಟ್ ಎಲ್ಲ 10.9 ಗ್ರೇಡ್, ಗಟ್ಟಿ ಜಾತಿಯವು. ರಿಮ್ ಮೊದಲೇ 14 ಇಂಚಿನ ಅಲಾಯ್ ಆಗಿದ್ದು ಪುಣ್ಯ. ಕಂಪನಿಯ 13 ಇಂಚಿನ ರಿಮ್ ಹಾಕಿ ನೋಡಿದೆ, ಕ್ಯಾಲಿಪರ್‌ಗೆ ತಗುಲಿತು. ಆಗ ನೆನಪಾಯಿತು, ಡಿಕ್ಕಿಯಲ್ಲಿರುವ ಸ್ಟೆಪ್ನಿ ಕೂಡ 13. ಅದಕ್ಕೂ ಒಂದು ಹೊಸ ಖರ್ಚು.

ಡಿಸ್ಕ್ ಹಾಕಿ ತಿರುಗಿಸುತ್ತಾ, ಕೂದಲೆಳೆಯ ಏರಿಳಿತ ಅಳೆಯುವ ಡಯಲ್ ಗೇಜ್ ಇಟ್ಟರೆ 0.18 ಮಿ.ಮೀ. ಓಲಾಟ. ಅಷ್ಟಿದ್ದರೆ ಪೆಡಲ್ ನಡುಗುತ್ತದೆ. ಹಬ್ ಮುಖದ ಮೇಲೆ ಒಂದು ಸಣ್ಣ ಉಬ್ಬು ಉಳಿದಿತ್ತು. ಹಬ್ಬು ಡಿಸ್ಕು ಎರಡನ್ನೂ ಒಟ್ಟಿಗೆ ಕಟ್ಟಿ ಲೇತ್‌ನಲ್ಲಿ ತೆಳುವಾಗಿ ಹೊಡೆಸಿದ ಮೇಲೆ 0.05ಕ್ಕೆ ಬಂತು. ಯಾವ ಡಿಸ್ಕ್ ಯಾವ ಹಬ್ಬಿಗೆ, ಯಾವ ತೂತು ಯಾವ ಸ್ಟಡ್ಡಿಗೆ ಅಂತ ಗುರುತು ಹಾಕಿಟ್ಟೆ.

ಇನ್ನು ಏರ್ ತೆಗೆಯುವ ಕಥೆ, ಅಂದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯನ್ನು. ಅಕ್ಕನ ಮಗನನ್ನು ಪೆಡಲ್ ಮೇಲೆ ಕೂರಿಸಿದೆ. "ಒತ್ತು... ಹಿಡ್ಕೋ... ಬಿಡು." ಅರ್ಧ ಲೀಟರ್ ಡಾಟ್ 4 ಬ್ರೇಕ್ ಆಯಿಲ್ ಖಾಲಿಯಾಯಿತು. ಪೆಡಲ್ ಮಾತ್ರ ಇನ್ನೂ ಸ್ಪಂಜಿನ ಹಾಗೆ. ಇನ್ನೊಂದು ಡಬ್ಬ ತಂದೆ. ಅದೂ ಖಾಲಿ. ಕತ್ತಲಾಯಿತು. ಹುಡುಗನಿಗೆ ಕಾಲು ನೋವು, ಮಸಾಲೆ ದೋಸೆ ಕೊಡಿಸುವ ಮಾತಾಯಿತು. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದಾಗ ನಗು ಬಂತು. ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರ್‌ನ ತಳದಲ್ಲಿತ್ತು. ಗಾಳಿ ಮೇಲಕ್ಕೆ ಹೋಗುತ್ತದೆ, ನಾನು ಕೆಳಗಿನಿಂದ ತೆಗೆಯುತ್ತಿದ್ದೆ! ಕ್ಯಾಲಿಪರ್ ಆಕ್ಸಲಿನ ಮುಂದೆ ಕೂರಬಹುದು, ಹಿಂದೆಯೂ ಕೂರಬಹುದು; ಆಕ್ಟೇವಿಯಾದಲ್ಲಿ ಇದ್ದದ್ದಕ್ಕೆ ತದ್ವಿರುದ್ಧ ಬದಿಗೆ ನನ್ನ ಗಾಡಿಯಲ್ಲಿ ಬಂದಿತ್ತು. ಹಾಗಾದಾಗ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಬೇಕು. ಅದಲು ಬದಲು ಮಾಡಿದೆ. ಹತ್ತು ನಿಮಿಷದಲ್ಲಿ ಗಾಳಿ ಹೋಯಿತು. ಆದರೂ ಪೆಡಲ್ ಉದ್ದ ಹೋಗುತ್ತಿತ್ತು. ಅದು ಗಾಳಿಯಲ್ಲ, ಪ್ಯಾಡ್ ಮತ್ತು ಡಿಸ್ಕಿನ ನಡುವಿನ ಸಂದು. ಹ್ಯಾಂಡ್ ಬ್ರೇಕ್ ಲಿವರನ್ನು ಇಪ್ಪತ್ತು ಮೂವತ್ತು ಸಲ ಎಳೆದು ಬಿಟ್ಟ ಮೇಲೆ ಪಿಸ್ಟನ್ ತಾನಾಗಿ ಹತ್ತಿರ ಬಂದು ಕೂತಿತು.

ಒಂದು ಮಾತು, ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೆ. ಕೆಲವು ಹಳೆ ಗಾಡಿಗಳ ಡ್ರಮ್ ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಡಿಸ್ಕ್ ಹಾಕಿದ ಮೇಲೆ ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಯಾವಾಗಲೂ ಉಜ್ಜುತ್ತಾ ಇರುತ್ತದೆ. ನನ್ನ ಗಾಡಿಯಲ್ಲಿ ಅದು ಇರಲಿಲ್ಲ.

ಇಲ್ಲಿಯವರೆಗಿನದು ಕೈಕೆಲಸ. ನಿಜವಾದ ಕೆಲಸ ಇನ್ನು ಮೇಲೆ. ನಾನು ಇದನ್ನು ಶುರು ಮಾಡುವಾಗ ಹಿಂದಿನ ಬ್ರೇಕ್ ಜಾಸ್ತಿ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಹಳೆ ವೀಲ್ ಸಿಲಿಂಡರ್ ಸುಮಾರು 17.5 ಮಿ.ಮೀ., ಅಂದರೆ 240 ಚದರ ಮಿ.ಮೀ. ಹೊಸ ಪಿಸ್ಟನ್ 1,134. ಹೆಚ್ಚು ಕಡಿಮೆ ಐದು ಪಟ್ಟು. ಡ್ರಮ್ಮಿಗೆ ಒಂದು ಚಾಳಿ ಇದೆ. ತಿರುಗುವ ಡ್ರಮ್ಮೇ ಲೈನರ್ ಅಂಟಿಸಿದ ಮುಂದಿನ ಶೂವನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಹಾಗಾಗಿ ಕಡಿಮೆ ಒತ್ತಡದಲ್ಲೂ ಚೆನ್ನಾಗಿ ಹಿಡಿಯುತ್ತದೆ. ಡಿಸ್ಕಿಗೆ ಆ ಲಾಭ ಇಲ್ಲ. ಅದನ್ನು ಕಳೆದು ನೋಡಿದರೂ ಅದೇ ಒತ್ತಡಕ್ಕೆ ಹಿಂದಿನ ಚಕ್ರ ಮೊದಲಿಗಿಂತ ಒಂದೂಮುಕ್ಕಾಲು ಪಟ್ಟು ಹಿಡಿಯುತ್ತದೆ ಅಂತ ಬಂತು.

ಇದು ಖುಷಿಯ ಸುದ್ದಿ ಅಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಜೋರಾಗಿ ಹಿಡಿದರೆ ಅದು ಮೊದಲು ಲಾಕ್ ಆಗುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ನೇರ ಜಾರುತ್ತದೆ. ಹಿಂದಿನದು ಲಾಕ್ ಆದರೆ ಬುಗುರಿ. ಅಂಡರ್‌ಪಾಸ್ ಸಂಜೆ ಆದದ್ದನ್ನೇ ನಾನು ಮೂವತ್ತು ಸಾವಿರ ಖರ್ಚು ಮಾಡಿ ಎರಡೂ ಕಡೆಗೆ ಹಾಕಿಸಿಕೊಳ್ಳುವವನಿದ್ದೆ.

ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸಲು ತಿರುಪಿನಲ್ಲಿ ಹೊಂದಿಸುವ ಪ್ರೊಪೋರ್ಷನಿಂಗ್ ವಾಲ್ವ್ ಸಿಗುತ್ತದೆ. ಒಂದು ಸಾಕು ಅಂತ ಪರಿಚಯದ ಮೆಕ್ಯಾನಿಕ್ ಹೇಳಿದರು. ಅದು ಸರಿಯಲ್ಲ. ಈ ಗಾಡಿಯಲ್ಲಿ ಬ್ರೇಕ್ ಲೈನ್ ಓರೆಯಾಗಿ ಎರಡು ಭಾಗ. ಮುಂದಿನ ಎಡಕ್ಕೂ ಹಿಂದಿನ ಬಲಕ್ಕೂ ಒಂದು, ಉಳಿದೆರಡಕ್ಕೆ ಇನ್ನೊಂದು. ಒಂದು ಸೋರಿದರೂ ಇನ್ನೊಂದು ಉಳಿಯಲಿ ಅಂತ. ಎರಡೂ ಹಿಂದಿನ ಲೈನನ್ನು ಒಂದೇ ವಾಲ್ವಿಗೆ ಸೇರಿಸಿದರೆ ಎರಡು ಸರ್ಕ್ಯೂಟ್ ಒಂದಾಗುತ್ತದೆ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಹೋಯಿತು. ಹಾಗಾಗಿ ಎರಡು ವಾಲ್ವ್, ಲೈನಿಗೊಂದು. ಖರ್ಚು ಡಬಲ್. ಎರಡನ್ನೂ ಸಮನಾಗಿ ತಿರುಗಿಸಿದರೂ ಒತ್ತಡ ಸಮ ಬರಲಿಲ್ಲ. ನಿಪ್ಪಲ್ ಜಾಗಕ್ಕೆ ಗೇಜ್ ಹಾಕಿ ನೋಡಿಯೇ ಹೊಂದಿಸಬೇಕಾಯಿತು. ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಟೆಸ್ಟ್ ಮಾಡಿದ್ದು ಕೆಂಪೇಗೌಡ ಬಡಾವಣೆಯ ಖಾಲಿ ರಸ್ತೆಯಲ್ಲಿ, ಬೆಳಗ್ಗೆ ಐದೂವರೆಗೆ. ಟೈರಿನ ಮೇಲೆ ಬಿಳಿ ಟೇಪ್ ಅಂಟಿಸಿ, ಅಕ್ಕನ ಮಗನನ್ನು ದೂರದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಮೊಬೈಲಿನಲ್ಲಿ ಸ್ಲೋ ಮೋಷನ್ ತೆಗೆಸಿದೆ. ಮೊದಲು ಪ್ಯಾಡ್ ಪಳಗಿಸಬೇಕು. 60ರಿಂದ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಓಡಿಸುವುದು, ಹೀಗೆ ಹತ್ತು ಸಲ. ಆಮೇಲೆ ಆರಲು ಬಿಟ್ಟೆ. ಮೊದಲ ನಿಜವಾದ ಟೆಸ್ಟ್ 40ರ ವೇಗದಲ್ಲಿ.

"ಮಾವಾ, ಹಿಂದಿನ ಚಕ್ರ ಮೊದಲು ನಿಂತೋಯ್ತು!"

ವಾಲ್ವ್ ಕಡಿಮೆ ಮಾಡಿದೆ. ಮತ್ತೆ ಓಡಿಸಿದೆ. ಒಣ ರಸ್ತೆಯಲ್ಲಿ ಸರಿಹೋಯಿತು. ಸರಿ ಅಂತ ಮನೆಗೆ ಬರಬಹುದಿತ್ತು. ಆದರೆ ಈ ವಾಲ್ವ್ ಕೆಲಸ ಶುರು ಮಾಡುವುದು ಒಂದು ಒತ್ತಡ ದಾಟಿದ ಮೇಲೆ. ಒದ್ದೆ ರಸ್ತೆಯಲ್ಲಿ ಚಕ್ರ ಅದಕ್ಕಿಂತ ಕಡಿಮೆ ಒತ್ತಡದಲ್ಲೇ ಲಾಕ್ ಆಗಬಹುದು. ಮಳೆ ಬಂದ ಮಾರನೆಯ ಬೆಳಗ್ಗೆ ಮತ್ತೆ ಹೋದೆವು. ಅನುಮಾನ ನಿಜವಾಯಿತು, ಹಿಂದಿನದೇ ಮೊದಲು. ಇನ್ನೂ ತಗ್ಗಿಸಿದೆ. ಒಟ್ಟು ನಾಲ್ಕು ಬೆಳಗ್ಗೆ ಹೋಯಿತು. ಕೊನೆಗೆ ಒಣಗಿರಲಿ ಒದ್ದೆಯಿರಲಿ ಮುಂದಿನ ಚಕ್ರ ಮೊದಲು, ಹಿಂದಿನದು ಆಮೇಲೆ. ಆ ಜಾಗದಲ್ಲಿ ತಿರುಪಿಗೆ ಪೇಂಟ್ ಹಚ್ಚಿ ಗುರುತು ಮಾಡಿದೆ.

ನಿಲ್ಲುವ ದೂರ? ಡ್ರಮ್ ಸರಿಯಿದ್ದ ಕಾಲದಲ್ಲಿ 60ರಿಂದ ನಿಲ್ಲಲು ಸುಮಾರು 19 ಮೀಟರ್ ಬೇಕಿತ್ತು, ಟೇಪ್ ಹಿಡಿದು ಅಳೆದಿದ್ದೆ. ಈಗಲೂ 19ರ ಆಸುಪಾಸು. ಡಿಸ್ಕ್ ಹಾಕಿದರೆ ಬೇಗ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ಅಳೆದು ತೋರಿಸಿ ಅನ್ನಿ. ನನಗೆ ಸಿಕ್ಕ ಲಾಭ ಬೇರೆ. ನೀರಿನಲ್ಲಿ ಹಾದು ಬಂದ ಮೇಲೂ ಎರಡು ಕಡೆ ಒಂದೇ ತರಹ ಹಿಡಿಯುತ್ತದೆ. ಪ್ಯಾಡ್ ಎಷ್ಟು ಉಳಿದಿದೆ ಅಂತ ಅಲಾಯ್ ಸಂದಿನಿಂದಲೇ ಕಾಣುತ್ತದೆ. ನಂದಿ ಬೆಟ್ಟ ಇಳಿಯುವಾಗ ಧೈರ್ಯ ಬಂದಿದೆಯಾ ಅಂದರೆ, ಅಲ್ಲಿ ಬಿಸಿಯಾಗುವುದು ಹೆಚ್ಚಾಗಿ ಮುಂದಿನ ಬ್ರೇಕ್. ಅದಕ್ಕೆ ಔಷಧ ಎರಡನೇ ಗೇರ್.

ಖರ್ಚು ಎಲ್ಲ ಸೇರಿ 31 ಸಾವಿರ ದಾಟಿತು. ಕಾನೂನು ವಿಷಯ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಕಂಪನಿ ಕೊಟ್ಟದ್ದಕ್ಕಿಂತ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ಓದಿತು. ಆರ್‌ಸಿಯಲ್ಲಿ ಬ್ರೇಕಿನ ಬಗ್ಗೆ ಒಂದಕ್ಷರ ಇಲ್ಲವಲ್ಲ ಅಂತ ವಾದ ಮಾಡಬಹುದು. ಅಪಘಾತ ಆದ ದಿನ ವಿಮೆಯವರು ಆ ವಾದ ಕೇಳುತ್ತಾರೆ ಅಂತ ನನಗೆ ನಂಬಿಕೆಯಿಲ್ಲ. ಗಾಡಿಗೆ ಹದಿನೈದು ವರ್ಷ ದಾಟಿದೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ತೋರಿಸಬೇಕು. ಹಾಗಾಗಿ ಹಳೆ ಡ್ರಮ್, ಬ್ಯಾಕ್ ಪ್ಲೇಟ್ ಎಲ್ಲ ಗ್ರೀಸ್ ಹಚ್ಚಿ ಅಟ್ಟದ ಮೇಲೆ ಇಟ್ಟಿದ್ದೇನೆ. ಬೇಕೆಂದರೆ ಒಂದು ದಿನದಲ್ಲಿ ವಾಪಸ್ ಹಾಕಬಹುದು. ಒಂದೇ ಒಂದು ಬ್ರೇಕ್ ಕೂಡ ಸ್ವಂತ ಕೈಯಿಂದ ಬಿಚ್ಚಿ ಕಟ್ಟದವರು ಇದಕ್ಕೆ ಕೈ ಹಾಕಬೇಡಿ. ಹೊಸ ಸಿಲಿಂಡರ್, ಹೊಸ ಲೈನರ್ ಹಾಕಿಸಿ, ನಿಶ್ಚಿಂತೆಯಿಂದಿರಿ.

ಹ್ಯಾಂಡ್ ಬ್ರೇಕ್ ಬಗ್ಗೆ ಹೇಳುತ್ತೇನೆ ಅಂದಿದ್ದೆ ಅಲ್ವಾ. ಎಸ್ಟೀಮ್ ಕೇಬಲ್ ಉದ್ದ ಸಾಲದೆ ಜೆ.ಸಿ. ರಸ್ತೆಯ ಕಡೆ ಹೊಸದಾಗಿ ಕಟ್ಟಿಸಿದೆ. ಎರಡು ಸಲ ಹೊಂದಿಸಿದೆ. ಆದರೂ ನಿಲ್ಲಿಸಿಟ್ಟ ಗಾಡಿಯನ್ನು ಹಿಡಿಯುವುದರಲ್ಲಿ ಒಳ್ಳೆ ಡ್ರಮ್ಮಿನ ಮುಂದೆ ಈ ಕ್ಯಾಲಿಪರ್ ಸಪ್ಪೆ. ಬಿಸಿ ಡಿಸ್ಕ್ ತಣ್ಣಗಾಗುತ್ತಾ ಹಿಡಿತ ಇನ್ನೂ ಸ್ವಲ್ಪ ಸಡಿಲ ಆಗುತ್ತದೆ. ಬೇಸ್‌ಮೆಂಟ್ ಇಳಿಜಾರಿನಲ್ಲಿ ಈಗ ಫಸ್ಟ್ ಗೇರಿನಲ್ಲೇ ಬಿಡುತ್ತೇನೆ, ಚಕ್ರಕ್ಕೊಂದು ಕಲ್ಲು ಬೇರೆ.

ಅಪ್ಪನಿಗೆ ಕೆಲಸದ ವಿವರ ಹೇಳಿರಲಿಲ್ಲ. ಹೋದ ತಿಂಗಳು ಒಂದು ಮದುವೆಗೆ ಅವರೇ ಮಾಗಡಿವರೆಗೆ ಓಡಿಸಿಕೊಂಡು ಹೋಗಿ ಬಂದರು. ದಾರಿಯಲ್ಲಿ ಜೋರು ಮಳೆ. ಕೀಲಿ ಮೊಳೆಗೆ ಹಾಕುತ್ತಾ ಅಂದರು: "ಗಾಡಿ ಮೊದಲಿನ ಹಾಗೇ ಇದೆ ಕಣೋ. ಹ್ಯಾಂಡ್ ಬ್ರೇಕ್ ಮಾತ್ರ ಸರಿಯಾಗಿ ಹಿಡೀತಿಲ್ಲ. ಹಿಂದಿನ ಲೈನರ್ ಒಂದ್ಸಲ ನೋಡ್ಸು."