ಕಾರಂಜಾ ದಂಡೆಯ ರೇಡಿಯೋ: ಕಾಕಾ ಹಾಕಿಕೊಟ್ಟ ಪದ್ಧತಿ

ಹ್ಯಾಮ್ ರೇಡಿಯೋ ಮಂದಿ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು, ತಮ್ಮಲ್ಲೊಬ್ಬರು ತೀರಿಕೊಂಡರೆ ‘ಸೈಲೆಂಟ್ ಕೀ’ ಆದರು ಎನ್ನುತ್ತಾರೆ. ಚುಕ್ಕಿ-ಗೆರೆಯ ಸಂಕೇತ ಕಳಿಸುವ ಮೋರ್ಸ್ ಕೀಲಿ ಸುಮ್ಮನಾಯಿತು ಎಂದರ್ಥ. ಬೀದರ್ ಜಿಲ್ಲೆಯ ಕಾರಂಜಾ ಹಿನ್ನೀರಿನಲ್ಲಿ ಬಲೆ ಹಾಕುವ ತೆಪ್ಪದವರಿಗಾಗಿ ದಂಡೆಯ ಮೇಲೆ ಸೆಟ್ ಇಟ್ಟುಕೊಂಡು ಕೂರುತ್ತಿದ್ದ ನಮ್ಮ ಕಾಕಾ ಹೋದ ಮೇಲೆ ಉಳಿದದ್ದು ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಏರಿಯಲ್, ಒಂದಿಷ್ಟು ರಟ್ಟಿನ ನೋಟ್‌ಬುಕ್. ಆ ಕೆಲಸ ಈಗ ನಮ್ಮ ಕೈಯಲ್ಲಿದೆ. ಅವರ ಪದ್ಧತಿಯನ್ನು ಕಾರಣ ಸಮೇತ ಬರೆದಿಡುತ್ತಿದ್ದೇನೆ. ಬೇರೆ ಕೆರೆಯ ದಂಡೆಯಲ್ಲಿ ಯಾರಾದರೂ ಶುರು ಮಾಡುವುದಿದ್ದರೆ ಇಷ್ಟು ಸಾಕಾಗಬಹುದು.

ಮೊದಲು ಕಾನೂನು. ಲೈಸೆನ್ಸ್ ಇಲ್ಲದವರು ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡುವಂತಿಲ್ಲ. ಆದ್ದರಿಂದ ತೆಪ್ಪದವರ ಕೈಗೆ ಹ್ಯಾಮ್ ಸೆಟ್ ಕೊಡಬಾರದು. ಅವರಿಗೆ ಕೊಡುವುದು 446 ಮೆಗಾಹರ್ಟ್ಜ್‌ನ ಅರ್ಧ ವ್ಯಾಟ್ ವಾಕಿಟಾಕಿ. 446.0ರಿಂದ 446.2ರವರೆಗೆ ಲೈಸೆನ್ಸ್ ಬೇಕಿಲ್ಲ, ಆದರೆ ಸೆಟ್ಟಿಗೆ ಸರ್ಕಾರದ ಮಂಜೂರಾತಿ ಇರಬೇಕು. ಅಗ್ಗಕ್ಕೆ ಸಿಗುವ 5 ವ್ಯಾಟ್ ಚೀನಾ ಸೆಟ್ಟನ್ನು ಅದೇ ಫ್ರೀಕ್ವೆನ್ಸಿಗೆ ತಿರುಗಿಸಿ ಕೊಡುವುದು ತಪ್ಪು. ದಂಡೆಯವನ ಬಳಿ ಎರಡು ಸೆಟ್. ನೀರಿನ ಕಡೆಗೆ ಅದೇ ಅರ್ಧ ವ್ಯಾಟಿನದು, ಊರ ಕಡೆಗೆ 145 ಮೆಗಾಹರ್ಟ್ಜ್‌ನ ಹ್ಯಾಮ್ ಸೆಟ್. ಎರಡನೆಯದಕ್ಕೆ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿರಬೇಕು. ರಿಸ್ಟ್ರಿಕ್ಟೆಡ್ ದರ್ಜೆ ಸಾಕು, ಅದಕ್ಕೆ ಮೋರ್ಸ್ ಪರೀಕ್ಷೆ ಇಲ್ಲ.

ಅರ್ಧ ವ್ಯಾಟ್ ಎಷ್ಟು ದೂರ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನೀರಿನ ಮೇಲೆ ದೂರ ಇಮ್ಮಡಿಯಾದರೆ ಬರುವ ಶಕ್ತಿ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ, ಯಾಕೆಂದರೆ ನೀರಿಗೆ ಬಡಿದು ಬರುವ ಅಲೆ ನೇರ ಬರುವ ಅಲೆಯನ್ನು ತಿನ್ನುತ್ತದೆ. ಅದೇ ಲೆಕ್ಕದಲ್ಲಿ ಕೇಳುವವನ ಎತ್ತರ ಇಮ್ಮಡಿಯಾದರೆ ವ್ಯಾಟ್ ನಾಲ್ಕು ಪಟ್ಟು ಹೆಚ್ಚಿಸಿದಷ್ಟು ಲಾಭ. ತೆಪ್ಪದಲ್ಲಿ ಕೂತವನ ಸೆಟ್ ನೀರಿನಿಂದ ಸುಮಾರು 1 ಮೀಟರ್ ಮೇಲಿರುತ್ತದೆ, ಅದನ್ನು ಎತ್ತರಿಸಲಾಗದು. ತೆಪ್ಪದ ಮೇಲೆ ಎದ್ದು ನಿಲ್ಲಲು ಯಾರಿಗೂ ಹೇಳಬಾರದು. ಹಾಗಾಗಿ ಮೇಲೇರಬೇಕಾದವನು ದಂಡೆಯವನು. ನೀರಂಚಿನಲ್ಲಿ ಸೆಟ್ಟು ನೆಲದಿಂದ ಒಂದೂವರೆ ಮೀಟರ್ ಇದ್ದರೆ ರೇಡಿಯೋ ದಿಗಂತ ಸುಮಾರು 9 ಕಿಲೋಮೀಟರ್, 15 ಮೀಟರ್ ಎತ್ತರದ ದಿನ್ನೆ ಹತ್ತಿದರೆ 20. ಅಷ್ಟು ದೂರದ ಮಾತು ಅರ್ಧ ವ್ಯಾಟಿನಲ್ಲಿ ಕೇಳಿಸುತ್ತದೆ ಎಂದಲ್ಲ, ಅಡ್ಡ ಏನೂ ಬರುವುದಿಲ್ಲ ಎಂದಷ್ಟೇ. ಕಾಕಾ ನೀರಿನ ಹತ್ತಿರದ ನೆರಳು ಬಿಟ್ಟು ಬಿಸಿಲಿನ ದಿನ್ನೆಯ ಮೇಲೆ ಕೊಡೆ ಹಿಡಿದು ಕೂರುತ್ತಿದ್ದುದು ಇದಕ್ಕೇ. ಈ ಸೆಟ್ಟಿಗೆ ಹೊರಗಿನ ಉದ್ದನೆಯ ಏರಿಯಲ್ ಜೋಡಿಸುವ ಆಸೆಗೆ ಬೀಳಬೇಡಿ, ಅರ್ಧ ವ್ಯಾಟಿನ ಮಿತಿ ಏರಿಯಲ್‌ನಿಂದ ಹೊರಬೀಳುವ ಶಕ್ತಿಗೇ ಹಾಕಿದ್ದು.

ತೆಪ್ಪದವರಿಗೆ ಕಲಿಸಬೇಕಾದ್ದು ಸ್ವಲ್ಪವೇ. ಏರಿಯಲ್ ನೆಟ್ಟಗೆ ನಿಂತಿರಬೇಕು, ಅಡ್ಡ ಹಿಡಿದರೆ ನೆಟ್ಟಗಿರುವ ನಮ್ಮ ಏರಿಯಲ್ಲಿಗೆ ಅದರ ಬಹುಪಾಲು ಸಿಗುವುದಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡು ಮಾತಾಡಬಾರದು, ಮೈ ನುಂಗುತ್ತದೆ. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಬೇಕು, ಇಲ್ಲದಿದ್ದರೆ ಮೊದಲ ಅಕ್ಷರ ಹಾರಿಹೋಗುತ್ತದೆ. ಗಾಳಿಗೆ ಬೆನ್ನು ಹಾಕಬೇಕು. ಸೆಟ್ಟನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ದಾರದಿಂದ ಖಾಲಿ 1 ಲೀಟರ್ ನೀರಿನ ಬಾಟಲಿಗೆ ಕಟ್ಟಬೇಕು. ಚೀಲದೊಳಗಿಂದಲೇ ಮಾತು ಚೆನ್ನಾಗಿ ಹೋಗುತ್ತದೆ. ಹೆಚ್ಚು ಕೆಡುವುದು ಟೋನ್ ಸೆಟ್ಟಿಂಗ್. ಟೋನ್ ಎಂದರೆ ಮಾತಿನ ಜೊತೆ ಹೋಗುವ ಸಣ್ಣ ಗುರುತಿನ ಸದ್ದು, ಅದು ಹೊಂದದಿದ್ದರೆ ಸೆಟ್ ಬಾಯಿ ಬಿಡುವುದಿಲ್ಲ. ಯಾರೋ ಮಕ್ಕಳು ಗುಂಡಿ ಒತ್ತಿ ಟೋನ್ ಬದಲಿಸಿರುತ್ತಾರೆ, ಚಾನೆಲ್ ಸರಿಯಿದ್ದರೂ ನಮ್ಮ ಮಾತು ಅವರಿಗೆ ಕೇಳುವುದಿಲ್ಲ. ಎಲ್ಲ ಸೆಟ್ಟಿನಲ್ಲೂ ಟೋನ್ ತೆಗೆದು, ಕೀ ಲಾಕ್ ಹಾಕಿ ಕೊಡಿ. ತೆಪ್ಪ ನೀರಿಗೆ ಬಿಡುವ ಮುಂಚೆ ಹತ್ತು ಹೆಜ್ಜೆ ದೂರದಲ್ಲಿ ಒಮ್ಮೆ ಮಾತಾಡಿ ನೋಡಿ.

ಊರ ಕಡೆಯ ಸೆಟ್ಟಿನ ಏರಿಯಲ್ ಮನೆಯಲ್ಲೇ ಮಾಡಿದ್ದು. ಕೇಬಲ್ ಸಿಕ್ಕಿಸುವ ಒಂದು ಚಾಸಿಸ್ ಸಾಕೆಟ್, 3 ಮಿಲಿಮೀಟರ್ ಹಿತ್ತಾಳೆ ಕಡ್ಡಿ. ನಡುವಿನ ಕಡ್ಡಿ 49 ಸೆಂಟಿಮೀಟರ್, ಕೆಳಗಿನ ನಾಲ್ಕು ಕಡ್ಡಿ ತಲಾ 51.5. ಕೆಳಗಿನವನ್ನು 45 ಡಿಗ್ರಿ ಇಳಿಬಿಟ್ಟರೆ ಸೆಟ್ಟಿಗೆ ಬೇಕಾದ 50 ಓಮ್‌ಗೆ ಹತ್ತಿರ ಬರುತ್ತದೆ, ಮಟ್ಟಸವಾಗಿ ಚಾಚಿದರೆ 36ರ ಆಸುಪಾಸು ಉಳಿಯುತ್ತದೆ. ಕಡ್ಡಿಯನ್ನು 1 ಸೆಂಟಿಮೀಟರ್ ಉದ್ದವೇ ಕತ್ತರಿಸಿ, ಎಸ್‌ಡಬ್ಲ್ಯುಆರ್ ಮೀಟರ್ (ಏರಿಯಲ್ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎಂದು ತೋರಿಸುವಂಥದು, 1 ಬಂದರೆ ಪೂರ್ತಿ ಹೊಂದಿದಂತೆ) ನೋಡುತ್ತ ಅರದಿಂದ ಉಜ್ಜಿ ಇಳಿಸಿ. ಮೂರೂವರೆ ಮಿಲಿಮೀಟರ್ ಕಡಿಮೆಯಾದರೆ ಏರಿಯಲ್ ಹೊಂದುವ ಫ್ರೀಕ್ವೆನ್ಸಿ ಸುಮಾರು 1 ಮೆಗಾಹರ್ಟ್ಜ್ ಮೇಲೇರುತ್ತದೆ. 1.5ರೊಳಗೆ ಬಂದರೆ ಕೈ ತೆಗೆಯಿರಿ. ಕೇಬಲ್ 12 ಮೀಟರಿನೊಳಗಿದ್ದರೆ ತೆಳುವಾದ ಆರ್‌ಜಿ-58 ನಡೆಯುತ್ತದೆ, ನಷ್ಟ ಎರಡೂವರೆ ಡೆಸಿಬೆಲ್‌ನಷ್ಟು. ಅದಕ್ಕಿಂತ ಉದ್ದ ಬೇಕಾದರೆ ದಪ್ಪನೆಯ ಆರ್‌ಜಿ-213. ಸಾಕೆಟ್ಟಿನ ಬಾಯಿಗೆ ರಬ್ಬರ್ ಟೇಪ್ ಎಳೆದು ಸುತ್ತಿ, ಕೇಬಲ್ ಒಳಬರುವಲ್ಲಿ ಒಂದು ಬಾಗು ಕೆಳಗೆ ಬಿಡಿ, ಮಳೆನೀರು ಅಲ್ಲಿಂದ ತೊಟ್ಟಿಕ್ಕಲಿ. ಒಳಗಿನ ಹೆಣಿಗೆ ತಂತಿ ಕಪ್ಪಾಗಿದ್ದರೆ ಆ ಕೇಬಲ್ ಎಸೆಯುವುದೇ ಲೇಸು.

ಬ್ಯಾಟರಿಯ ಲೆಕ್ಕ ಹೀಗೆ. ಕೇಳುವಾಗ ಊರ ಕಡೆಯ ಸೆಟ್ ಅರ್ಧ ಆಂಪಿಯರ್ ಎಳೆಯುತ್ತದೆ, 25 ವ್ಯಾಟಿನಲ್ಲಿ ಮಾತಾಡುವಾಗ 7. ದಿನಕ್ಕೆ ಹತ್ತು ತಾಸು ಕೇಳಿ ಅರ್ಧ ತಾಸು ಮಾತಾಡಿದರೆ ಎಂಟೂವರೆ ಆಂಪಿಯರ್ ತಾಸು. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು, ಅದಕ್ಕೇ 26 ಆಂಪಿಯರ್ ತಾಸಿನದು. 40 ವ್ಯಾಟ್ ಸೌರ ಫಲಕ ನಮ್ಮ ಬಿಸಿಲಿಗೆ ಇದನ್ನು ತುಂಬಿಸುತ್ತದೆ. ಎಲ್ಲರೂ ತಪ್ಪುವುದು ತಂತಿಯಲ್ಲಿ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ವೈರ್ ಎಳೆದರೆ ಮಾತಾಡುವಾಗ 0.8 ವೋಲ್ಟ್‌ಗಿಂತ ಹೆಚ್ಚು ಅಲ್ಲೇ ಕಳೆಯುತ್ತದೆ, ಸಂಜೆಯ ಹೊತ್ತಿಗೆ ಗುಂಡಿ ಒತ್ತಿದೊಡನೆ ಸೆಟ್ ಆರಿ ಹತ್ತುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ 0.3ರಷ್ಟೇ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ.

ಅರ್ಥಿಂಗ್ ವಿಷಯದಲ್ಲಿ, ಅಂದರೆ ಏರಿಯಲ್ಲಿಗೆ ಬಂದ ಮಿಂಚಿನ ವಿದ್ಯುತ್ತನ್ನು ಸರಳಿನಿಂದ ನೆಲಕ್ಕಿಳಿಸುವಲ್ಲಿ, ನಮ್ಮ ನೆಲಕ್ಕೆ ಅದರದೇ ಹಟ. ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಸರಳು ಇಳಿಯುವುದೇ ಕಷ್ಟ, ಇಳಿದರೂ ಒಣಗಿದ ಕಲ್ಲು ವಿದ್ಯುತ್ತನ್ನು ಒಳಗೆ ಬಿಡದು. ಎರೆಮಣ್ಣು ಮಳೆಗಾಲದಲ್ಲಿ ಬಹಳ ಚೆನ್ನ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸರಳಿನಿಂದ ದೂರ ಸರಿಯುತ್ತದೆ. ಗುಡುಗು ಹೆಚ್ಚಿರುವುದೂ ಆಗಲೇ. ಯುಗಾದಿ ಮುಗಿದ ಮೇಲೆ ಸರಳಿನ ಸುತ್ತ ವಾರಕ್ಕೆರಡು ಸಲ ಕೊಡ ನೀರು ಹಾಕಿ, ಬಿರುಕು ಮೆತ್ತಿ.

ಇಷ್ಟೆಲ್ಲ ಸಾಮಾನಿನ ಮಾತಾಯಿತು. ಕಾಕಾನ ನಿಜವಾದ ಕಸುಬು ಕೇಳುವುದು. ಸಂಜೆ ಬಲೆ ಹಾಕುವ ಹೊತ್ತಿನಲ್ಲೂ ನಸುಕಿನಲ್ಲಿ ಎತ್ತುವ ಹೊತ್ತಿನಲ್ಲೂ ಅರ್ಧ ತಾಸಿಗೊಮ್ಮೆ ಹಾಜರಿ ಕರೆಯುತ್ತಿದ್ದರು. ಆಗ ಸ್ಕ್ವೆಲ್ಚ್ ಪೂರ್ತಿ ತೆರೆದಿಡುತ್ತಿದ್ದರು. ಸ್ಕ್ವೆಲ್ಚ್ ಮುಚ್ಚಿದರೆ ‘ಶ್’ ಎಂಬ ಸದ್ದು ನಿಂತು ಕಿವಿಗೆ ಆರಾಮ, ಆದರೆ ಕ್ಷೀಣವಾದ ದನಿಯೂ ಅದರ ಜೊತೆಗೆ ಹೋಗುತ್ತದೆ. ಎಫ್‌ಎಂನಲ್ಲಿ, ಅಂದರೆ ಈ ಸೆಟ್ಟುಗಳು ದನಿ ಕಳಿಸುವ ರೀತಿಯಲ್ಲಿ, ಇನ್ನೊಂದು ಗುಣವಿದೆ. ಮಾತು ತಿಳಿಯದಷ್ಟು ದೂರದಲ್ಲಿ ಒಬ್ಬ ಗುಂಡಿ ಒತ್ತಿದರೂ ಆ ‘ಶ್’ ಒಂದಿಷ್ಟು ತಗ್ಗುತ್ತದೆ. ಆ ತಗ್ಗಿದ್ದನ್ನು ಹಿಡಿಯುವ ಕಿವಿ ಬೇಕು. ಅಂಥ ತೆಪ್ಪದವರಿಗೆ ನಮ್ಮ ಮಾತು ತಿಳಿಯುವಂತಿದ್ದರೆ ನಾವು ಪ್ರಶ್ನೆ ಕೇಳುತ್ತೇವೆ, ಅವರು ಗುಂಡಿಯಲ್ಲೇ ಉತ್ತರ ಕೊಡುತ್ತಾರೆ: ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ನೀರು ಹೊಕ್ಕಿದೆಯಾ, ದಂಡೆಗೆ ಬರ್ತೀರಾ, ಮಂದಿ ಕಳಿಸಲಾ. ಮೂರು ಪ್ರಶ್ನೆಗಳಲ್ಲಿ ಬೇಕಾದ್ದೆಲ್ಲ ತಿಳಿಯುತ್ತದೆ.

ಹಾಜರಿಯ ಮಾತು ಗಿಡ್ಡ, ತೆಪ್ಪದ ಹೆಸರು ಅದರ ಬಣ್ಣ ಮತ್ತು ನಂಬರು. “ಕೆಂಪು ಮೂರು, ದಂಡಿ ಕರೀತದ.” “ಕೆಂಪು ಮೂರು, ಹಳೇ ಗುಡಿ ಬಲ್ಲಿ, ಇಬ್ಬರು, ಆರಾಮ.” ಜಾಗ, ಜನ, ಸ್ಥಿತಿ, ಮುಗಿಯಿತು. ಎಡಕ್ಕೆ, ಬಲಕ್ಕೆ ಎನ್ನುವುದು ಬೇಡ, ಮುಖ ಯಾವ ಕಡೆಗಿದೆಯೋ ಯಾರಿಗೆ ಗೊತ್ತು. ಹಿನ್ನೀರು ಏರಿದಾಗ ಇದ್ದ ಗುರುತು ಇಳಿದಾಗ ಇರುವುದಿಲ್ಲ. ಮುಳುಗಿದ್ದ ಬೊಡ್ಡೆಗಳು ಏಳುತ್ತವೆ, ನಡುಗಡ್ಡೆ ದಂಡೆಗೆ ಕೂಡಿಬಿಡುತ್ತದೆ. ಗುರುತಿನ ಪಟ್ಟಿಯನ್ನು ದಸರೆಗೊಮ್ಮೆ, ಸಂಕ್ರಾಂತಿಗೊಮ್ಮೆ, ಯುಗಾದಿಗೊಮ್ಮೆ ತೆಪ್ಪದವರ ಜೊತೆ ಕೂತು ಹೊಸದಾಗಿ ಬರೆಯಬೇಕು. ಅವರು ಇಟ್ಟ ಹೆಸರೇ ಇರಲಿ.

ಒಂದು ಹಾಜರಿ ತಪ್ಪಿದರೆ ಮೊದಲು ನೀವೇ ಅರ್ಧ ಮೀಟರ್ ಸರಿದು ಕೇಳಿ. ಈ ಅಲೆಯ ಉದ್ದ 67 ಸೆಂಟಿಮೀಟರ್, ನಿಂತ ಜಾಗವೇ ದನಿ ಸಿಗದ ಸತ್ತ ಜಾಗ ಆಗಿರಬಹುದು. ಐದು ನಿಮಿಷದಲ್ಲಿ ಮೂರು ಸಲ ಕರೆಯಿರಿ. ಆಮೇಲೆ ಹತ್ತಿರದ ತೆಪ್ಪದವನಿಗೆ ಕರೆಯಲು ಹೇಳಿ. ಹದಿನೈದು ನಿಮಿಷ ಕಳೆದರೆ ಊರಿನ ಹ್ಯಾಮ್ ಗೆಳೆಯರಿಗೆ ತಿಳಿಸಿ, ಅವರು 112ಕ್ಕೆ ಫೋನ್ ಮಾಡುತ್ತಾರೆ. ಹೇಳಬೇಕಾದ್ದು ಎಷ್ಟು ಜನ, ಕೊನೆಯ ಜಾಗ, ಕೊನೆಯ ಹೊತ್ತು, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ. ಮಗುಚಿದ ತೆಪ್ಪ ಗಾಳಿ ತಳ್ಳಿದತ್ತ ಹೋಗುತ್ತದೆ, ಹುಡುಕುವುದು ಆ ದಂಡೆಯಿಂದ. ಬಿರುಗಾಳಿಯಲ್ಲಿ ಬೇರೆ ತೆಪ್ಪದವರನ್ನು ಹುಡುಕಲು ಕಳಿಸಕೂಡದು. ಇದೊಂದು ವಿಷಯದಲ್ಲಿ ಕಾಕಾ ಯಾರ ಒತ್ತಾಯಕ್ಕೂ ಬಗ್ಗುತ್ತಿರಲಿಲ್ಲ.

ರೋಹಿಣಿ ಮಳೆಯ ಮುಂಚಿನ ದಿನಗಳಲ್ಲಿ ಪಕ್ಕದಲ್ಲಿ ಒಂದು ಹಳೆಯ ಮೀಡಿಯಂ ವೇವ್ ರೇಡಿಯೋ ಇಡುತ್ತೇವೆ, ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ. ಮೋಡ ಕಾಣುವ ಮೊದಲೇ ಮಿಂಚಿಗೆ ಅದು ಚಟ್ ಚಟ್ ಅನ್ನುತ್ತದೆ. ಚಟಪಟ ದಟ್ಟವಾದರೆ ಎಲ್ಲ ತೆಪ್ಪಕ್ಕೂ ದಂಡೆಗೆ ಬನ್ನಿ ಎಂಬ ಕರೆ. ಮಿಂಚಿದ ಮೇಲೆ ಗುಡುಗು 30 ಸೆಕೆಂಡಿನೊಳಗೆ ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಆಗ ದಂಡೆಯವನೂ ಹೊರಗಿನ ಏರಿಯಲ್ಲಿನ ಕೇಬಲ್ ಕಳಚಿ ಹೊರಗೆಸೆದು, ದಿನ್ನೆ ಇಳಿದು, ಕೈಸೆಟ್ಟಿನೊಂದಿಗೆ ಗಟ್ಟಿ ಮಾಳಿಗೆಯ ಕೆಳಗೆ ಹೋಗಬೇಕು. ದಿನ್ನೆಯ ಮೇಲೆ ಒಂಟಿಯಾಗಿ ಎತ್ತರಕ್ಕಿರುವುದು ಅವನೇ.

ನೋಟ್‌ಬುಕ್ಕಿನಲ್ಲಿ ಪ್ರತಿ ತೆಪ್ಪಕ್ಕೆ ಒಂದು ಸಾಲು: ಬಣ್ಣ ಮತ್ತು ನಂಬರು, ಎಷ್ಟು ಜನ, ಹೊರಟ ಹೊತ್ತು, ಹೋದ ಕಡೆ, ಬರುವೆನೆಂದ ಹೊತ್ತು. ದಂಡೆಗೆ ಬಂದದ್ದನ್ನು ಬರೆಯುವ ಕೊನೆಯ ಕಾಲಂ ಖಾಲಿ ಬಿಡಬೇಕು. ಅದನ್ನು ರೇಡಿಯೋದಲ್ಲಿ ಕೇಳಿ ತುಂಬಬಾರದು, ತೆಪ್ಪ ದಂಡೆಗೆ ಹತ್ತಿ, ತಲೆ ಎಣಿಸಿ, ಆಮೇಲೆ ಬರೆಯಬೇಕು. ಕಾಕಾನ ನೋಟ್‌ಬುಕ್ಕುಗಳಲ್ಲಿ ಆ ಕಾಲಂ ಮಾತ್ರ ಕೆಂಪು ಶಾಯಿಯಲ್ಲಿದೆ. ಅದು ತುಂಬುವವರೆಗೆ ಸೆಟ್ ಆರಿಸುವುದಿಲ್ಲ.